ಮೂಕಣ್ಣನ ಕಿವಿಯಲ್ಲಿ ಹೇಳಿದ್ದು

ಅಂಗಡಿಯಿಂದ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಚೂಟಿ,

ಒಂದೇ ಸೂರಿನ ಕೆಳಗೆ ಇದ್ದುಕೊಂಡು, ಒಂದೇ ಸೋಪು ಸವೆಸುವ ಮಗಳಿಗೆ ಕಾಗದ ಬರೆಯುತ್ತಿದ್ದಾಳಲ್ಲ, ಅಮ್ಮನಿಗೆ ತಲೆ ಕೆಟ್ಟಿದೆಯೇ ಎಂದು ನೀನು ನಗಬಹುದು. ನಗು. ಓದಿ ಮುಗಿಸುವಷ್ಟರಲ್ಲಿ ಆ ನಗು ಉಳಿದಿರುತ್ತದೆ ಎಂಬ ಧೈರ್ಯ ನನಗಿಲ್ಲ. ನಾನು ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಹಾಗೆ ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ, ಈಗಾಗಲೇ ಹೇಳಿರುವ ಸುಳ್ಳುಗಳೇ ಬೇಕಾದಷ್ಟಿವೆ. ಎದುರಿಗೆ ಕೂತು ಹೇಳಿಬಿಡೋಣವೆಂದು ನಿನ್ನೆ ಎರಡು ಸಲ ಬಾಯಿ ತೆರೆದೆ. ಒಂದು ಸಲ ಹಾಲು ತಂದೆಯಾ ಎಂದು ಕೇಳಿದೆ, ಇನ್ನೊಂದು ಸಲ ಆಕಳಿಸಿದೆ. ಪರದೆ ಹೊಲಿಯಲು ಕೊಟ್ಟವರು ಸಂಜೆಗೆ ಬರುತ್ತಾರೆ, ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು.

ಆ ಬ್ಯಾಂಕ್ ಗುಮಾಸ್ತನನ್ನು ನೀನು ನೋಡಿದ್ದೀಯ. ಸಣಕಲ, ನನ್ನಷ್ಟೇ ಎತ್ತರ, ಕಾಮಿಕ್ಸ್ ಮೇಳಕ್ಕೆಂದು ನಮ್ಮ ಅಂಗಡಿಯಲ್ಲಿ ಮೂಕಣ್ಣನ ವೇಷ ಹೊಲಿಸಿಕೊಂಡವನು. ಮೂಕಣ್ಣ ಯಾರೆಂದು ನನಗೆ ಪಾಠ ಮಾಡಿದವಳೂ ನೀನೇ. ಆಕಾಶನೌಕೆಯಲ್ಲಿ ಕೆಲಸ ಮಾಡುವ ತಗಡಿನ ಯಂತ್ರಮಾನವ, ಯುದ್ಧದಲ್ಲಿ ದನಿ ಕಳೆದುಕೊಂಡವನು. ನೌಕೆಯವರೆಲ್ಲ ತಮ್ಮ ಗುಟ್ಟನ್ನು ಅವನ ಕಿವಿಯಲ್ಲಿ ಹೇಳಿ ಹಗುರಾಗುತ್ತಾರೆ. ಅವನು ಎದೆಯ ಹಸಿರು ದೀಪವನ್ನು ಒಮ್ಮೆ ಹತ್ತಿಸುತ್ತಾನೆ, ಕೇಳಿಸಿತು, ನನ್ನಲ್ಲೇ ಇರುತ್ತದೆ ಎಂಬಂತೆ. ಮೇಳಕ್ಕೆ ಹೋದ ಅಭಿಮಾನಿಗಳೂ ಸಾಲಿನಲ್ಲಿ ನಿಂತು ಹಾಗೇ ಮಾಡುತ್ತಾರೆ ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ. ಟಿಕೆಟ್ ಕೊಂಡು ರೆಕ್ಸಿನ್ ಕಿವಿ ಕಚ್ಚುವ ಈ ಜನಕ್ಕೆ ಮನೆಯಲ್ಲಿ ಕೆಲಸವಿಲ್ಲವೇ ಎಂದಿದ್ದೆ.

ಮೇಳ ನಡೆದ ಆ ಭಾನುವಾರ ನೀನು, ಗೆಳತಿಯರ ಜೊತೆ ಹೋಗ್ತಿದ್ದೀನಿ, ನೀನು ಬರೋದು ಬೇಡಮ್ಮ, ನಿಂಗೆ ಬೋರಾಗುತ್ತೆ ಅಂತ ಹೇಳಿ ಹೊರಟೆ. ನಿನ್ನ ನೀಲಿ ಮೇಲಂಗಿಗೆ ಇಸ್ತ್ರಿ ಹಾಕಿ ಕೊಟ್ಟವಳು ನಾನೇ. ನೀನು ಹೋಗಿ ಸ್ವಲ್ಪ ಹೊತ್ತಿಗೆ ಗುಮಾಸ್ತನ ಫೋನ್ ಬಂತು. ಬೆನ್ನಿನ ಜಿಪ್ ಕಿತ್ಕೊಂಡು ಬಂದಿದೆ, ಜನ ಸಾಲು ನಿಂತಿದ್ದಾರೆ, ನನ್ನ ಮರ್ಯಾದೆ ನಿಮ್ಮ ಕೈಲಿದೆ ಆಂಟಿ ಅಂತ ಅಳುವುದೊಂದು ಬಾಕಿ. ಸೂಜಿ, ದಾರ, ಹೊಸ ಜಿಪ್ಪು ಚೀಲಕ್ಕೆ ತುರುಕಿಕೊಂಡು ಓಡಿದೆ.

ಎಂಥ ಜಾಗ ಅದು! ಬಾಗಿಲಲ್ಲಿ ಮೂರು ತಲೆಯ ರಾಕ್ಷಸನೊಬ್ಬ ಬಹಳ ವಿನಯದಿಂದ ನನಗೆ ದಾರಿ ತೋರಿಸಿದ. ಹಸಿರು ಮುಖದ ಹೆಂಗಸೊಬ್ಬಳು ಗೋಡೆಗೊರಗಿ ಮಗುವಿಗೆ ಬಾಟಲಿ ಹಾಲು ಕುಡಿಸುತ್ತಿದ್ದಳು. ಶೌಚಾಲಯದ ಮುಂದೆ, ಕಥೆಯಲ್ಲಿ ಬದ್ಧವೈರಿಗಳಾದ ಇಬ್ಬರು ಸೇನಾಪತಿಗಳು ಒಬ್ಬರ ಕತ್ತಿ ಇನ್ನೊಬ್ಬರು ಹಿಡಿದುಕೊಂಡು ಸರದಿ ಕಾಯುತ್ತಿದ್ದರು. ಇಷ್ಟು ವರ್ಷ ನೀನು ಪುಸ್ತಕದೊಳಗೆ ಮುಖ ಹುದುಗಿಸಿಕೊಂಡಾಗಲೆಲ್ಲ ಬೈದವಳು ನಾನು. ಅಲ್ಲಿ ಯಾರೂ ಯಾರನ್ನೂ ನೋಡಿ ಆಡಿಕೊಳ್ಳುತ್ತಿರಲಿಲ್ಲ. ನಿನಗೆ ಈ ಜಾಗ ಯಾಕೆ ಹಿಡಿಸುತ್ತದೆ ಎಂದು ನನಗೆ ಆಗ ಸ್ವಲ್ಪ ತಿಳಿಯಿತು.

ಪರದೆಯ ಹಿಂದೆ ಗುಮಾಸ್ತ ಬನಿಯನ್ನಿನಲ್ಲಿ ಕೂತು ಬೆವರು ಹಿಂಡುತ್ತಿದ್ದ. ಜಿಪ್ ಹಾಕಿ ಕೊಟ್ಟೆ. ಆದರೆ ಬೆಳಗಿನಿಂದ ಹೊಟ್ಟೆಗಿಲ್ಲದೆ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಸಾಲು ನೋಡಿಕೊಳ್ಳುವ ಹುಡುಗಿ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ಕಡೆಗೆ ಅವನೇ, ಒಂದರ್ಧ ಗಂಟೆ ನೀವೇ ಕೂತಿರಿ ಆಂಟಿ, ಟ್ರಯಲ್ಲಿಗೆ ನೀವೇ ತಾನೆ ಹಾಕ್ಕೊಂಡು ನೋಡಿದ್ದು, ಮಾತಾಡೋ ಹಾಗೇ ಇಲ್ಲ, ಗುಂಡಿ ಒತ್ತಿದ್ರೆ ದೀಪ ಹತ್ತುತ್ತೆ, ಅಷ್ಟೇ ಕೆಲಸ ಅಂತ ಅಂಗಲಾಚಿದ.

ಪಾಪ ಎನ್ನಿಸಿ ಒಪ್ಪಿದೆ ಎಂದು ಬರೆಯಬಹುದು. ಅದು ಅರ್ಧ ನಿಜ. ನಾನಿಲ್ಲದ ಕಡೆ ನನ್ನ ಮಗಳು ಹೇಗಿರುತ್ತಾಳೆ ಎಂದು ಒಮ್ಮೆ ಕದ್ದು ನೋಡುವ ಆಸೆ ಇನ್ನರ್ಧ.

ಒಳಗೆ ಕೂತರೆ ಕಣ್ಣಿನ ಜಾಲರಿಯಲ್ಲಿ ಎದುರಿಗಿರುವುದಷ್ಟೇ ಕಾಣುತ್ತದೆ. ಮೊದಲು ಬಂದವನು ಒಬ್ಬ ಧಡೂತಿ ಸೇನಾಧಿಪತಿ. ಮ್ಯಾನೇಜರ್ ಕೆಮ್ಮಿದರೂ ನನಗೆ ಕೈಕಾಲು ನಡುಗುತ್ತೆ ಅಂತ ಪಿಸುಗುಟ್ಟಿದ. ಒಬ್ಬ ಅಜ್ಜಿ, ನಂಗೆ ಇದ್ಯಾವುದೂ ಅರ್ಥ ಆಗಲ್ಲಪ್ಪ, ಮೊಮ್ಮಗ ಕರ್ಕೊಂಡು ಬಂದ ಅಂತ ಬಂದೆ, ಅವನಿಗೆ ಹೇಳ್ಬೇಡ ಅಂದರು. ನನಗೆ ಒಳಗೊಳಗೇ ನಗು. ಒಂದೊಂದಕ್ಕೂ ದೀಪ ಒತ್ತುತ್ತಿದ್ದೆ. ಜನ ನಿಜವಾಗಿಯೂ ಹಗುರಾದವರಂತೆ ಎದ್ದು ಹೋಗುತ್ತಿದ್ದರು.

ಆಮೇಲೆ ಸಾಲಿನಲ್ಲಿ ನಿನ್ನ ನೀಲಿ ಮೇಲಂಗಿ ಕಂಡಿತು. ನಿನ್ನ ಪಕ್ಕದಲ್ಲಿ ಗೆಳತಿಯರಿರಲಿಲ್ಲ. ನಿನ್ನ ಚೀಲ ಹೆಗಲಿಗೆ ಹಾಕಿಕೊಂಡು ನಿನ್ನಪ್ಪ ನಿಂತಿದ್ದರು.

ಅವರ ತಲೆಯ ಮೇಲೆ ಸ್ಪ್ರಿಂಗಿನ ತುದಿಗೆ ಉಂಡೆ ಕಟ್ಟಿದ, ಜಿರಲೆಗಿರುವಂಥ ಎರಡು ಮೀಸೆ ಅಲ್ಲಾಡುತ್ತಿದ್ದವು. ಫೋಟೋ ತೆಗೆಸಿಕೊಳ್ಳುವಾಗಲೂ ಹಲ್ಲು ತೋರಿಸದ ಮನುಷ್ಯ, ನಮ್ಮ ಜೊತೆ ಇದ್ದಾಗ ಅಚ್ಚುಮನೆಯಿಂದ ಬಂದರೆ ಊಟ ಮುಗಿಯುವವರೆಗೆ ನಾಲ್ಕು ಮಾತಾಡದ ಮನುಷ್ಯ, ಅಲ್ಲಿ ನಿನ್ನ ಯಾವುದೋ ಮಾತಿಗೆ ಬಗ್ಗಿ ಬಗ್ಗಿ ನಗುತ್ತಿದ್ದರು. ನನಗೆ ಮೊದಲು ಬಂದದ್ದು ದುಃಖವಲ್ಲ ಚೂಟಿ, ಹೊಟ್ಟೆಕಿಚ್ಚು.

ನೀನು ಏಳನೇ ತರಗತಿಯಲ್ಲಿದ್ದಾಗ ನಾವು ಬೇರೆಯಾದೆವು. ಅವರನ್ನು ನೋಡಬೇಡ ಎಂದು ನಾನು ಎಂದೂ ಬಾಯಿಬಿಟ್ಟು ಹೇಳಿಲ್ಲ. ಅವರ ಮಾತು ಬಂದಾಗಲೆಲ್ಲ ಪಾತ್ರೆ ಕುಕ್ಕಿದ್ದೇನೆ, ಅಷ್ಟೇ. ನಿನಗೆ ಅಷ್ಟು ಸಾಕಾಯಿತು.

ನಿಮ್ಮ ಸರದಿಗೆ ಇನ್ನೂ ಐದಾರು ಜನರಿದ್ದರು. ಎದ್ದು ಪರದೆಯ ಹಿಂದೆ ಹೋಗಬಹುದಿತ್ತು. ಹುಡುಗಿಗೆ ಕೈಸನ್ನೆ ಮಾಡಬಹುದಿತ್ತು. ಕಡೇಪಕ್ಷ ತಲೆಗೆ ಹಾಕಿದ್ದ ಮುಖವಾಡ ತೆಗೆದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಈ ಮೂರು ವಾರದಲ್ಲಿ ನನ್ನ ಪರವಾಗಿ ನಾನೇ ಎಷ್ಟೋ ವಾದ ಮಾಡಿದ್ದೇನೆ, ಒಂದೂ ನಿಲ್ಲುವಂಥದಲ್ಲ. ನಾನು ಬೇಕೆಂದೇ ಕೂತಿದ್ದೆ.

ನೀನು ಬಂದವಳು ಮೊದಲು ನನ್ನ ತೋಳು ಮುಟ್ಟಿ, ನೋಡಿ ಅಪ್ಪ, ಇದು ಅಮ್ಮ ಹೊಲಿದದ್ದು ಅಂತ ಹೇಳಿದೆ. ಎಷ್ಟು ಹೆಮ್ಮೆಯಿಂದ ಹೇಳಿದೆ. ಆಮೇಲೆ ಬಗ್ಗಿ, ಒಳಗಿರುವವನು ಗುಮಾಸ್ತನೆಂದು ನಂಬಿ, ನನ್ನ ಕಿವಿಯಲ್ಲಿ ನಿನ್ನ ಗುಟ್ಟು ಹೇಳಿದೆ. ಒಂದು ವರ್ಷದಿಂದ ಅಪ್ಪನ್ನ ನೋಡ್ತಾ ಇದ್ದೀನಿ, ಭಾನುವಾರ ಕಂಪ್ಯೂಟರ್ ಕ್ಲಾಸು ಅಂತ ಅಮ್ಮನಿಗೆ ಸುಳ್ಳು ಹೇಳ್ತೀನಿ. ಅಪ್ಪನಿಗೆ ಬೇರೆ ಊರಿನ ದೊಡ್ಡ ಪ್ರೆಸ್ಸಲ್ಲಿ ಕೆಲಸ ಆಗಿದೆ. ಅದೇ ಊರಲ್ಲಿ ಕಾಮಿಕ್ಸ್ ಬರೆಯೋದು ಕಲಿಸೋ ಶಾಲೆ ಇದೆ, ನಂಗೆ ಸೀಟು ಸಿಕ್ಕಿದೆ. ಹೋಗಬೇಕು ಅಂತ ಪ್ರಾಣ ಹೋಗ್ತಿದೆ. ಅಮ್ಮನಿಗೆ ಹೇಗೆ ಹೇಳ್ಲಿ, ಅವಳಿಗೆ ನನ್ನ ಬಿಟ್ರೆ ಯಾರೂ ಇಲ್ಲ. ಇಷ್ಟು ಹೇಳಿ ನೀನು ಕಾಯುತ್ತ ನಿಂತೆ. ನಾನು ದೀಪ ಒತ್ತಿದೆ.

ಗುಟ್ಟನ್ನು ಕಾಯುತ್ತೇನೆ ಎಂದು ಮಾತು ಕೊಟ್ಟ ಹಾಗೆ ಅಲ್ಲವೇ ಅದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ನಿನ್ನ ಹಿಂದೆಯೇ ನಿನ್ನಪ್ಪನನ್ನೂ ಮುಂದಕ್ಕೆ ತಳ್ಳಿ, ನೀವೂ ಏನಾದ್ರೂ ಹೇಳಿ ಅಂತ ಹಟ ಮಾಡಿದೆ. ಅವರು ಸಂಕೋಚದಿಂದ ಬಗ್ಗಿದರು. ಅಷ್ಟರಲ್ಲಿ ಮೈಕಿನಲ್ಲಿ ಯಾವುದೋ ಸ್ಪರ್ಧೆಯ ಹೆಸರು ಕೂಗತೊಡಗಿದರು. ಆ ಗದ್ದಲದಲ್ಲಿ ಅವರು ಏನೆಂದರೋ ಕೇಳಿಸಲಿಲ್ಲ. ಅವರಿಗೂ ಒಂದು ದೀಪ ಒತ್ತಿ ಕಳಿಸಿದೆ.

ಸಂಜೆ ನೀನು ಬರುವ ಹೊತ್ತಿಗೆ ನಾನು ಸೊಂಟ ಹಿಡಿದುಕೊಂಡು ಮಲಗಿದ್ದೆ. ಮುಂದಿನದನ್ನು ಬರೆಯಲು ಪೆನ್ನು ಓಡುತ್ತಿಲ್ಲ. ಆದರೂ ಬರೆಯುತ್ತೇನೆ. ನನಗೆ ಸೊಂಟ ನೋವು ಇರಲಿಲ್ಲ. ಆ ದಿನವೂ ಇರಲಿಲ್ಲ, ಆಮೇಲೂ ಬರಲಿಲ್ಲ. ನೀನು ಹೋಗಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಹೋಗಬೇಡ ಎಂದು ಹೇಳಿದರೆ ನನಗೆ ಹೇಗೆ ಗೊತ್ತಾಯಿತೆಂದು ಹೇಳಬೇಕಾಗುತ್ತಿತ್ತು.

ಮೊದಲ ಭಾನುವಾರ ನೀನು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ನಾನು ನರಳಿದೆ. ಇದಕ್ಕೂ ಬಟ್ಟೆಯ ಹಾಗೆ ಅಳತೆ ಬೇಕು. ಹೆಚ್ಚು ನರಳಿದರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತೀಯ, ಕಡಿಮೆಯಾದರೆ ಹೊರಟೇಬಿಡುತ್ತೀಯ. ನನ್ನ ಅಳತೆ ತಪ್ಪಲಿಲ್ಲ. ಇವತ್ತು ಕ್ಲಾಸಿಗೆ ಹೋಗಲ್ಲ ಬಿಡಮ್ಮ ಅಂತ ಚಪ್ಪಲಿ ಬಿಚ್ಚಿದೆ. ಎರಡನೇ ಭಾನುವಾರವೂ ಅದೇ. ಮೂರನೆಯದಕ್ಕೆ ನೀನು ಚಪ್ಪಲಿಯ ಹತ್ತಿರವೂ ಹೋಗಲಿಲ್ಲ. ಅಡುಗೆ ಮಾಡಿದೆ, ಅಂಗಡಿ ತೆರೆದೆ, ಪ್ಯಾಂಟಿನ ಅಂಚು ಹೊಲಿಯುವುದನ್ನೂ ಕಲಿತೆ. ಬಚ್ಚಲಿನಿಂದ ಬಂದಾಗ ಕಣ್ಣು ಕೆಂಪಾಗಿರುತ್ತಿತ್ತು. ಕಣ್ಣಿಗೆ ಸೋಪು ಹೋಯ್ತಮ್ಮ ಅನ್ನುತ್ತಿದ್ದೆ. ಆ ಸೋಪನ್ನು ನಾನೂ ಬಳಸುತ್ತೇನೆ, ಅದು ಯಾರ ಕಣ್ಣಿಗೂ ಉರಿಯುವಂಥದಲ್ಲ.

ಮೊನ್ನೆ ನನ್ನ ಸೊಂಟಕ್ಕೆ ಮುಲಾಮು ತಿಕ್ಕುತ್ತ, ಯಾರೂ ಕೇಳದೆಯೇ, ನಾನೆಲ್ಲೂ ಹೋಗಲ್ಲಮ್ಮ, ನಿನ್ನ ಜೊತೆ ಅಂಗಡಿ ನೋಡ್ಕೋತೀನಿ ಅಂದೆ. ಆಗ ನನಗೆ ಏನಾಗಬೇಕಿತ್ತು ಹೇಳು. ಖುಷಿಯಾಯಿತು. ಗೆದ್ದೆ ಅನ್ನಿಸಿತು. ದಿಂಬಿನಲ್ಲಿ ಮುಖ ಇಟ್ಟುಕೊಂಡು ಮಲಗಿದ್ದರಿಂದ ನಿನಗೆ ಕಾಣಲಿಲ್ಲ.

ಆಮೇಲೆ ನೀರು ಕುಡಿಯಲೆಂದು ಎದ್ದು ಬಂದೆ. ನೀನು ಮೇಜಿನ ಮುಂದೆ ಕೂತಿದ್ದೆ. ನಿನ್ನ ಬಣ್ಣದ ಪೆನ್ನುಗಳನ್ನೆಲ್ಲ ಆ ಉದ್ದನೆಯ ತಗಡಿನ ಡಬ್ಬಿಯಿಂದ ತೆಗೆದು ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕಿಟ್ಟಿದ್ದೆ. ಖಾಲಿ ಡಬ್ಬಿಯೊಳಗೆ ನನ್ನ ಅಂಗಡಿಯ ಗುಂಡಿಗಳನ್ನು ತುಂಬುತ್ತಿದ್ದೆ. ಬಿಳಿಯವು ಒಂದು ಕಡೆ, ಕರಿಯವು ಒಂದು ಕಡೆ. ಡಬ್ಬಿ ಸುಮ್ನೆ ಬಿದ್ದಿತ್ತಲ್ಲಮ್ಮ, ನಿಂಗೆ ಉಪಯೋಗ ಆಗುತ್ತೆ ಅಂದೆ. ನನ್ನ ಮಗುವಿನ ಕೈಯಿಂದ ಆ ಪೆನ್ನುಗಳನ್ನು ಕಿತ್ತುಕೊಂಡವಳು ನಾನೇ. ನೀರು ಕುಡಿಯದೆಯೇ ವಾಪಸ್ಸು ಹೋಗಿ ಮಲಗಿದೆ.

ಇವತ್ತು ಬೆಳಿಗ್ಗೆ ಆ ಶಾಲೆಗೆ ಫೋನ್ ಮಾಡಿದೆ. ಹಾಗೆ ವಿಚಾರಿಸುವ ಹಕ್ಕು ನನಗಿಲ್ಲ, ಗೊತ್ತು. ನೀನು ಇನ್ನೂ ಬರುವುದಿಲ್ಲ ಎಂದು ತಿಳಿಸಿಲ್ಲವಂತೆ. ಶುಕ್ರವಾರ ಸಂಜೆಯವರೆಗೆ ಸೀಟು ಹಾಗೇ ಇರುತ್ತದಂತೆ. ಫೋನ್ ಎತ್ತಿದ ಹೆಂಗಸು, ನಿಮ್ಮ ಮಗಳ ಗೆರೆ ತುಂಬಾ ಚೆನ್ನಾಗಿದೆ ಅಂತ ಹೇಳಿದಳು. ಪರರ ಬಾಯಿಂದ ಕೇಳಿದೆ, ನಾನಾಗಿ ಒಂದು ದಿನವೂ ಹೇಳಲಿಲ್ಲ.

ಹೋಗು ಚೂಟಿ. ಇವತ್ತೇ ಅವರಿಗೆ ಬರುತ್ತೇನೆಂದು ತಿಳಿಸು. ನನಗೆ ನಿನ್ನ ಬಿಟ್ಟರೆ ಯಾರೂ ಇಲ್ಲ ಅಂದೆಯಲ್ಲ, ನಿಜವೇ. ಆದರೆ ಅದು ನಾನು ನೋಡಿಕೊಳ್ಳಬೇಕಾದ ವಿಷಯ. ಅದನ್ನು ನಿನ್ನ ಹೆಗಲಿಗೆ ಹೊರಿಸಿ ನಾನು ಆರಾಮಾಗಿ ಮಲಗಿದ್ದೆ. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಹೋದರೂ ಸರಿ, ಮಾತು ಬಿಟ್ಟು ಹೋದರೂ ಸರಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, ಮತ್ತೆ ಇಲ್ಲೇ ಉಳಿದುಬಿಡುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು, ಅದನ್ನೇ ತಾನೆ ಇಷ್ಟು ದಿನ ಬಳಸಿಕೊಂಡಿದ್ದು.

ಸೊಂಟ ಗಟ್ಟಿಯಾಗಿಯೇ ಇರುವ
ನಿನ್ನ ಅಮ್ಮ

ಮತ್ತೆ: ಗದ್ದಲದಲ್ಲಿ ನಿನ್ನಪ್ಪ ಹೇಳಿದ್ದು ಕೇಳಿಸಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಎಲ್ಲ ಒಪ್ಪಿಕೊಳ್ಳಲು ಕೂತವಳಿಗೂ ಅದೊಂದನ್ನು ಬರೆಯಲು ಮುಖವಿರಲಿಲ್ಲ. ಅವರು ಬಗ್ಗಿ ಹೇಳಿದ್ದು ಇಷ್ಟು. ಒಳಗಿರೋದು ನೀನೇ ಅಂತ ಗೊತ್ತಾಯ್ತು, ಹೆದರ್ಬೇಡ, ಮಗೂಗೆ ನಾನು ಹೇಳಲ್ಲ. ಅವಳೇ ನಿನ್ನ ಹತ್ರ ಬಂದು ಹೇಳ್ತಾಳೆ, ಒಂದು ಸ್ವಲ್ಪ ದಿನ ಕಾಯಿ. ಹೇಗೆ ಗುರುತು ಹಿಡಿದರೋ ಹೇಳಲಿಲ್ಲ, ಉಂಡೆಮೀಸೆ ಅಲ್ಲಾಡಿಸಿಕೊಂಡು ಹೊರಟುಹೋದರು. ನಾನು ಕಾಯಲಿಲ್ಲ. ಮೂರು ಭಾನುವಾರ ನೀನು ಫೋನ್ ಮಾಡಿ, ಅಮ್ಮನಿಗೆ ಸೊಂಟ ನೋವು, ಬರೋಕಾಗಲ್ಲ ಅಂದಿರುತ್ತೀಯಲ್ಲ, ಅದು ಎಂಥ ನೋವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಒಂದು ಮಾತು ಹೇಳಿದ್ದರೆ ನೀನು ಆವತ್ತೇ ನನ್ನನ್ನು ಬಿಟ್ಟು ಹೊರಡುತ್ತಿದ್ದೆ. ಹೇಳಲಿಲ್ಲ. ಕ್ಲಾಸಿನ ಗೆಳತಿ ಕೊಟ್ಟಳು ಅಂತ ಹೋದ ವಾರ ನೀನು ಬಿಸಿನೀರಿನ ರಬ್ಬರ್ ಚೀಲ ತಂದೆಯಲ್ಲ, ನಿನಗೆ ಕ್ಲಾಸೂ ಇಲ್ಲ, ಆ ಗೆಳತಿಯೂ ಇಲ್ಲ, ಎಲ್ಲೋ ಕರೆದು ನಿನ್ನ ಕೈಗೆ ಅದನ್ನು ಕೊಟ್ಟವರು ಅವರೇ. ಅದನ್ನು ಸೊಂಟಕ್ಕೆ ಇಟ್ಟುಕೊಂಡು ಮಲಗಿದ್ದೆ ನಾನು.