ದನಿ ಹಾಯುವ ಗೋಡೆ

ವಿಜಯಪುರ, ಮರುಬೇಸಿಗೆಯ ಮೊದಲ ವಾರ, ೨೧೭೪

ಗೌರವಾನ್ವಿತ ರಜಿಯಾ ಮುಲ್ಲಾ ಮತ್ತು ಗುರುಪಾದ ಹೂಗಾರ ಅವರಿಗೆ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮಳೆ ಮುಗಿದ ಮೇಲೆ ಮತ್ತೊಮ್ಮೆ ಬರುವ ಬಿರುಬಿಸಿಲನ್ನು ನಾವು ಮರುಬೇಸಿಗೆ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಆ ಪದ ಬೇಕಿರಲಿಲ್ಲ. ನಾನು ಇಂದುಮತಿ ಕೊಣ್ಣೂರ, ಸುಮಾರು ನೂರೈವತ್ತು ವರ್ಷಗಳ ಹಿಂದೆ ನೀವಿಬ್ಬರು ಆರಂಭಿಸಿದ ಕಟ್ಟಡ ವಿನ್ಯಾಸದ ಕಚೇರಿಯನ್ನು ಈಗ ನಡೆಸುತ್ತಿರುವವಳು. ಕಚೇರಿ ಇನ್ನೂ ಚಿಕ್ಕದೇ. ನಾಲ್ಕು ಜನ, ಒಂದು ಉದ್ದನೆಯ ಮೇಜು.

ಹೊಸದಾಗಿ ಸೇರಿದವರಿಗೆಲ್ಲ ನಿಮ್ಮ ಕಥೆ ಹೇಳುತ್ತೇವೆ. ದೊಡ್ಡ ಕಂಪನಿಯಲ್ಲಿದ್ದಾಗ, ನೀವೇ ನಕ್ಷೆ ಮಾಡಿದ ಗಾಜಿನ ಕಟ್ಟಡವೊಂದನ್ನು ನೋಡಲು ಹೋಗಿದ್ದಿರಂತೆ. ಅಲ್ಲಿನ ನೌಕರರೆಲ್ಲ ಕಾಂಪೌಂಡಿನಾಚೆ ಬೇವಿನ ಮರದಡಿ ಬುತ್ತಿ ಬಿಚ್ಚಿ ಕೂತಿದ್ದರಂತೆ. "ಒಳಗ್ಯಾಕ ಉಣ್ಣಂಗಿಲ್ರಿ?" ಎಂದು ಗುರುಪಾದರು ಕೇಳಿದ್ದಕ್ಕೆ ಒಬ್ಬಾಕೆ, "ಒಳಗ ಕುಂತ್ರ ನಾವ ಬೆಂದು ಹೋಗ್ತೀವ್ರಿ," ಎಂದಳಂತೆ. ಆ ವಾರವೇ ಇಬ್ಬರೂ ಕೆಲಸ ಬಿಟ್ಟಿರಿ. ಅಲ್ಲಿಂದ ಈ ಕಚೇರಿಯ ಪದ್ಧತಿ ಹುಟ್ಟಿತು: ಗೆರೆ ಎಳೆಯುವ ಮೊದಲು, ಕಟ್ಟಡದಲ್ಲಿ ಇರುವವರ ಜೊತೆ ಆ ಜಾಗದಲ್ಲೇ ಒಂದು ಮಧ್ಯಾಹ್ನ ಕೂರಬೇಕು.

ನಮಗೆ ಅದು ಸುಲಭವಲ್ಲ. ನಮ್ಮ ಜನ ಹಗಲನ್ನೆಲ್ಲ ತಂಪುಗೂಡುಗಳಲ್ಲಿ ಕಳೆಯುತ್ತಾರೆ. ಅವು ಕಿಟಕಿಯಿಲ್ಲದ, ಯಂತ್ರದಿಂದ ತಣ್ಣಗಾಗುವ ಕೋಣೆಗಳು. ಜೋಳ ಕೊಯ್ಯುವುದು ನಸುಕಿನಲ್ಲಿ, ಶಾಲೆ ಶುರುವಾಗುವುದು ಹೊತ್ತು ಮುಳುಗಿದ ಮೇಲೆ. ಕರೆಂಟು ಪಾಳಿಯ ಮೇಲೆ ಬರುತ್ತದೆ. ಅದಿಲ್ಲದಾಗ ಒದ್ದೆ ಚಾದರ ಹೊದ್ದು ಕಾಯುತ್ತೇವೆ. ಆದರೂ ಕಳೆದ ವರ್ಷ, ಭೀಮಾ ತೀರದ ಒಂದು ಊರಿನ ಹೆರಿಗೆ ಮನೆಯ ಕೆಲಸ ಬಂದಾಗ, ನಾನು ಅಲ್ಲಿನ ಬಸುರಿಯರೊಂದಿಗೆ ತಗಡಿನ ಚಪ್ಪರದಡಿ ಕೂತೆ.

ಊರ ಸಮಿತಿಯ ಮುಖ್ಯಸ್ಥ ಚಂದಪ್ಪ ಬಿರಾದಾರರು, "ಡಬ್ಬಿ ಹಂಗ ಮುಚ್ಚಿಬಿಡ್ರಿ, ತಂಪಿದ್ರ ಸಾಕು," ಎಂದಿದ್ದರು. ಸಾವಂತ್ರೆವ್ವ ಎಂಬ ಬಸುರಿ ಒಪ್ಪಲಿಲ್ಲ. ಹೆರಿಗೆಯ ತಂಪುಗೂಡಿನಲ್ಲಿ ತಂಪು ಉಳಿಯಲೆಂದು ಹೆರುವವಳನ್ನೂ ಸೂಲಗಿತ್ತಿಯನ್ನೂ ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲ. "ಹೋದ ಸಲ ನನ್ನ ಕೂಸು ಉಳೀಲಿಲ್ರಿ," ಎಂದಳು. "ನಾ ಒಳಗ ಅಳಾಕತ್ತಿದ್ದೆ, ನಮ್ಮವ್ವ ಹೊರಗ ಕೂಸು ಹುಟ್ಟಿದ್ರ ಹಂಚಾಕಂತ ಸಕ್ಕರಿ ಹಿಡಕೊಂಡು ಕುಂತಿದ್ಲು. ಆಕಿಗಿ ಏನೂ ಕೇಳಲಿಲ್ಲ. ಈ ಸಲ ಕೇಳಬೇಕ್ರಿ."

ಕಿಂಡಿ ಬಿಟ್ಟರೆ ಝಳ ನುಗ್ಗುತ್ತದೆ ಎಂದು ನನ್ನ ಜೊತೆಗಾರ ಅಲ್ತಾಫ್ ಹಟ ಹಿಡಿದ. ಅವನ ಮಾತೂ ಸುಳ್ಳಲ್ಲ. ಜಗಳವಾಡುತ್ತಲೇ ಒಂದು ದಾರಿ ಹೊಳೆಯಿತು: ದಪ್ಪ ಮಣ್ಣಿನ ಗೋಡೆಯೊಳಗೆ ಎರಡು ಕಡೆ ಮೊಣಕೈಯಂತೆ ಬಾಗಿದ ಒಂದು ಕೊಳವೆ, ಬಾಗಿದಲ್ಲೆಲ್ಲ ನೀರಿನ ಗಡಿಗೆ. ಬಿಸಿಗಾಳಿ ಅಲ್ಲೇ ಸೊರಗುತ್ತದೆ, ದನಿ ಮಾತ್ರ ಹಾಯುತ್ತದೆ. ಹೊರತುದಿಯಲ್ಲಿ ನೆರಳಿನ ಕಟ್ಟೆ. "ಗ್ವಾಡಿಗಿ ತೂತ ಹೊಡ್ಯಾಕ ಇಷ್ಟೆಲ್ಲಾ ಓದೀರೇನು?" ಎಂದು ಬಿರಾದಾರರು ನಕ್ಕರು. ಊರಿನ ಹೆಂಗಸರೆಲ್ಲ ಅವರ ಮನೆ ಮುಂದೆ ಬಂದು ಕೂತ ಮೇಲೆ ಒಪ್ಪಿದರು.

ಕಟ್ಟಡ ಮುಗಿದ ಮೇಲೆ, ಸಾವಂತ್ರೆವ್ವನಿಗೆ ನೋವು ಶುರುವಾದ ದಿನ ನಾನೂ ಅವಳ ತಾಯಿ ಗೌರವ್ವನ ಪಕ್ಕ ಕಟ್ಟೆಯ ಮೇಲಿದ್ದೆ. ಒಳಗಿನ ನರಳಾಟ ಸ್ಪಷ್ಟವಾಗಿ ಕೇಳುತ್ತಿತ್ತು. ಅದು ಹೆಚ್ಚಿದಾಗ, ತಾಯಿಗೆ ಇದನ್ನೆಲ್ಲ ಕೇಳಿಸಿ ತಪ್ಪು ಮಾಡಿದೆವೇನೋ ಎಂದು ನನಗೆ ಅನಿಸಿತು. ಗೌರವ್ವ ಎದ್ದಳು. ಕೊಳವೆಯ ಕಿಂಡಿಗೆ ಬಾಯಿಟ್ಟು, "ಸಾವಂತ್ರಿ, ನಾ ಇಲ್ಲೇ ಅದೀನವ್ವಾ. ಅಂಜಬ್ಯಾಡ," ಎಂದಳು. ಒಳಗಿಂದ "ಹೂಂ ಯವ್ವಾ" ಎಂಬ ಉತ್ತರ ಬಂತು. ಹೊರಬರುವ ದನಿಗೆಂದು ನಾವು ದಾರಿ ಮಾಡಿದ್ದೆವು. ಒಳಹೋಗುವ ದನಿಯೊಂದು ಇದ್ದೀತೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಗೌರವ್ವ ಕಿಂಡಿಯಿಂದ ಕಿವಿ ತೆಗೆಯಲೇ ಇಲ್ಲ.

ಕಚೇರಿ ತೆರೆದ ಮೊದಲ ವರ್ಷ ನಿಮ್ಮ ಬಳಿ ಯಾರೂ ಬರಲಿಲ್ಲವೆಂದೂ, ಮುಚ್ಚಿಬಿಡುವ ಮಾತಾಯಿತೆಂದೂ ಕೇಳಿದ್ದೇನೆ. ಈ ಕಾಗದ ನಿಮ್ಮನ್ನು ಆ ದಿನವೇ ತಲುಪಲಿ. ಮುಚ್ಚಬೇಡಿ. ನಿಮ್ಮಲ್ಲಿಗೆ ಬರಬೇಕಾದವರು ಬಹಳ ಜನ ಇದ್ದಾರೆ. ಅವರಿನ್ನೂ ಹುಟ್ಟಿಲ್ಲ, ಅಷ್ಟೆ.

ನಿಮ್ಮ,
ಇಂದುಮತಿ