ವಾರ್ಡಿನ ಬಾಗಿಲಲ್ಲಿ

ನರ್ಸಿಂಗ್ ಹಾಸ್ಟೆಲ್, ಎರಡನೇ ಮಹಡಿ
ಜುಲೈ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಸೊಂಟನೋವು ಹೇಗಿದೆ? ಡ್ಯೂಟಿ ಮುಗಿಸಿ ಬಂದ ಮೇಲಾದರೂ ಕಾಲು ಚಾಚಿ ಮಲಗುತ್ತೀಯೋ, ಇಲ್ಲ ಬಟ್ಟೆ ಒಗೆಯಲು ಕೂರುತ್ತೀಯೋ? ಭಾವನಿಗೂ ಎರಡು ಕೈ ಇವೆ ಎಂದು ನಾನು ಹೇಳಿದೆನೆಂದೇ ಹೇಳು. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಮನಸ್ಸಿಲ್ಲ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಿ ಹೇಳಿದರೆ "ಹಲ್ಲು ಕಚ್ಕೊಂಡು ಇರು, ನಾವೆಲ್ಲ ಅಲ್ಲಿ ಹಾಗೇ ಕಲ್ತಿದ್ದು" ಎಂದು ನಗುತ್ತೀಯ. ಅದಕ್ಕೇ ಈ ಕಾಗದ.

ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಗೊತ್ತಲ್ಲ, ನಿನ್ನ ಜೂನಿಯರ್ ಆಗಿದ್ದವಳು, ಅವಳನ್ನೇ ನಾವು ಗಂಜಿ ಅನ್ನುವುದು. ಯೂನಿಫಾರ್ಮಿಗೆ ಹಾಕಿದ ಗಂಜಿ ಕುತ್ತಿಗೆಗೂ ಏರಿದೆ, ನಮ್ಮ ಕಡೆ ತಿರುಗುವುದೇ ಇಲ್ಲ. ತಿರುಗಿದರೆ ಬರೀ ಬೈಗುಳ. ಕಳೆದ ವಾರ ಒಬ್ಬ ಟೈಲರ್‌ಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಅವರ ಬಿ.ಪಿ. ನೋಡುವಾಗ ನನಗೆ ಸದ್ದು ಸರಿಯಾಗಿ ಕೇಳಿಸಲಿಲ್ಲ. "ಸಿಸ್ಟರ್, ಒಂದ್ಸಲ ನೀವು ನೋಡ್ತೀರಾ?" ಎಂದೆ. "ಕಿವೀನ ಹಾಸ್ಟೆಲಲ್ಲಿ ಬಿಟ್ಟು ಬಂದಿದ್ದೀಯಾ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕಿರುಚಿ, ಕೈಗೆ ಬೆಡ್‌ಪ್ಯಾನ್ ಕೊಟ್ಟು, ರೋಗಿಗಳನ್ನು ನೋಡಲು ಜನ ಬರುವ ಹೊತ್ತಿನಲ್ಲಿ ಬಾಗಿಲಲ್ಲಿ ನಿಲ್ಲಿಸಿದಳು. ಒಂದು ಮಗು ನನ್ನನ್ನು ನೋಡಿ ನಕ್ಕಿತು. ಆ ಮಗುವಿನ ಮೇಲೂ ಸಿಟ್ಟು ಬಂತು ಅಕ್ಕಾ.

ಮರುದಿನ ಆ ಟೈಲರ್ ಬಿ.ಪಿ. ನೋಡುವ ಸರದಿ ನನ್ನ ಪಕ್ಕದ ಮಂಚದವಳದು, ನಿನ್ನ ಫೋನ್ ಬಂದಾಗಲೆಲ್ಲ ನಡುವೆ ಬಾಯಿ ಹಾಕುವ ಆ ವಾಚಾಳಿಯದು. ಅವಳಿಗೂ ಕೇಳಿಸಲಿಲ್ಲ. ಕೇಳಿಸುವುದಾದರೂ ಹೇಗೆ, ಬಿ.ಪಿ. ಅಷ್ಟು ಇಳಿದುಹೋಗಿತ್ತು! ನನಗಾದದ್ದನ್ನು ಕಣ್ಣಾರೆ ಕಂಡವಳು ತುಟಿ ಬಿಚ್ಚಲಿಲ್ಲ. ಬೆಳಿಗ್ಗೆ ಬರೆದಿದ್ದ ಅಂಕಿಯನ್ನೇ ಮತ್ತೆ ಬರೆದು ಬಂದಳು. ಒಳಗೇ ರಕ್ತ ಸೋರುತ್ತಿದ್ದ ಮನುಷ್ಯ ಸಂಜೆ ಬಚ್ಚಲಲ್ಲಿ ಕುಸಿದುಬಿದ್ದರು. ಮತ್ತೆ ಆಪರೇಷನ್ ಮಾಡಿ ಉಳಿಸಿಕೊಂಡರು, ಅವರ ಹೆಂಡತಿಯ ಪುಣ್ಯ. ಇವಳದು ತಪ್ಪೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಇವಳೊಬ್ಬಳನ್ನೇ ಕಾಲೇಜಿನಿಂದ ತೆಗೆದುಹಾಕಲು ಹೊರಟಿದ್ದಾರೆ. "ಕೇಳೋಕೆ ಬಾಯಿರಲಿಲ್ವಾ ಅವಳಿಗೆ?" ಅನ್ನುತ್ತಿದ್ದಾಳೆ ಗಂಜಿ. ಬಾಯಿ ಹೊಲಿದವರು ಯಾರಂತೆ? ನಾನು ಹೋಗಿ ಬಾಗಿಲ ಶಿಕ್ಷೆಯ ವಿಷಯ ಹೇಳಿದರೆ ಪ್ರಿನ್ಸಿಪಾಲರು "ನಮ್ಮಲ್ಲಿ ಅಂಥದ್ದೆಲ್ಲ ಯಾವತ್ತೂ ನಡೆದಿಲ್ಲಮ್ಮ" ಎಂದು ಕನ್ನಡಕ ಒರೆಸಿಕೊಂಡರು. ನೀವೂ ಬಂದು ಹೇಳಿ ಎಂದರೆ ಕ್ಲಾಸಿನವರೆಲ್ಲ ನೆಲ ನೋಡುತ್ತಿದ್ದಾರೆ. ಅವರೂ ಪಾಸಾಗಬೇಕಲ್ಲ.

ಭಾವನಿಗೆ ನಮಸ್ಕಾರ. ಪಾಪುವಿನ ಎರಡೂ ಕೆನ್ನೆ ಹಿಂಡು. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದನ್ನು ಮರೆಯಬೇಡ.

ನಿನ್ನ
ಪುಟ್ಟಿ

ತಾ.ಕ.: ನಿನ್ನೆ ಗಂಜಿಯ ಎದುರೇ ನಿಂತು, ನಮ್ಮನ್ನು ಹೀಗೇಕೆ ಕಾಡುತ್ತೀರಿ ಎಂದು ಕೇಳಿಯೇಬಿಟ್ಟೆ. "ನಿನ್ನ ಅಕ್ಕನ್ನೇ ಕೇಳು. ನಾನು ಫಸ್ಟ್ ಇಯರ್ ಇದ್ದಾಗ ಬೆಡ್‌ಪ್ಯಾನ್ ಕೊಟ್ಟು ನನ್ನ ನಿಲ್ಲಿಸಿದ್ದು ಅವಳೇ" ಅಂದಳು. ಸುಳ್ಳು ಎನ್ನಲು ಬಾಯಿ ತೆರೆದೆ. ನೀನು ಫೋನಿನಲ್ಲಿ ನಗುವುದು ನೆನಪಾಗಿ ಮುಚ್ಚಿಕೊಂಡೆ. ಮುಂದಿನ ಸೋಮವಾರ, ೨೨ನೇ ತಾರೀಖು, ವಿಚಾರಣೆ. ರಜೆ ಹಾಕಿ ಬಾ. ಪ್ರಿನ್ಸಿಪಾಲರ ಮುಂದೆ ನಿಂತು, ಇಲ್ಲಿ ಇದು ನಡೆಯುತ್ತದೆ, ನಾನೇ ಮಾಡಿದ್ದೇನೆ ಎಂದು ಹೇಳು. ನಿನಗೆ ಹೋಗುವುದು ಮಾನ ಮಾತ್ರ, ಆ ವಾಚಾಳಿಗೆ ಓದೇ ಹೋಗುತ್ತದೆ. ಬರದಿದ್ದರೆ, ಇನ್ನು ಮೇಲೆ ನಿನ್ನನ್ನೂ ಸಿಸ್ಟರ್ ಅಂತಲೇ ಕರೆಯುತ್ತೇನೆ.