ನಾಲ್ಕು ಅಂಕ, ಖಾಲಿ ಲೋಟ

ಗುರುವಾರ, ಸಂಜೆ
ಪ್ರೆಸ್ಸಿನಿಂದ

ಪ್ರೀತಿಯ ಯೀಸ್ಟಮ್ಮನಿಗೆ,

ನಾನು ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ ಎಂದು ಕೇಳುವ ಧೈರ್ಯವಿಲ್ಲ. ನೀನು ನಿಜವಾಗಿ ಬರೆದುಬಿಟ್ಟರೆ ಉತ್ತರ ಕೊಡಬೇಕಾಗುತ್ತದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮೂರನೇ ಮಾತಿಗೇ ಎಲ್ಲ ಚೆನ್ನಾಗಿದೆ ಎಂದುಬಿಡುತ್ತೇನೆ, ನೀನು ಹೂಂ ಎಂದು ಇಟ್ಟುಬಿಡುತ್ತೀಯ. ನೀನು ಆ ಊರಿನ ಬ್ರೂವರಿಗೆ ಕೆಲಸಕ್ಕೆ ಹೋದಾಗಿನಿಂದ ನಮ್ಮ ಸಂಸಾರ ಸಾಗುತ್ತಿರುವುದು ಈ ಚೆನ್ನಾಗಿದೆ ಮತ್ತು ಹೂಂಗಳ ಮೇಲೆ. ಈ ಸಲ ಎಲ್ಲ ಚೆನ್ನಾಗಿಲ್ಲ. ಅಥವಾ ಚೆನ್ನಾಗಿದೆಯೋ ಏನೋ. ಅದು ತಿಳಿಯದೆಯೇ ಕಾಗದ ಹಿಡಿದು ಕೂತಿದ್ದೇನೆ.

ಸುತ್ತಿಬಳಸಿದರೆ ನಿನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನನಗೆ ಬಹುವಚನ ಕೊಡುತ್ತೀಯ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಕಳೆದ ಭಾನುವಾರ ನಮ್ಮ ರುಚಿಕೂಟದಲ್ಲಿ ನಿನ್ನ ಗೋಧಿ ಬಿಯರಿಗೆ ಹತ್ತಕ್ಕೆ ನಾಲ್ಕು ಕೊಟ್ಟವನು ನಾನು.

ಅದು ಇಲ್ಲಿಗೆ ಬಂದದ್ದು ನಿನಗೆ ಗೊತ್ತಿಲ್ಲ. ನಿಮ್ಮ ಮಾಲೀಕರು ನಿನಗೂ ಹೇಳದೆ, ಯಾರು ಮಾಡಿದ್ದೆಂದು ನಮಗೂ ಹೇಳದೆ, ಕೂಟದ ಮೇಷ್ಟ್ರ ಹೆಸರಿಗೆ ಬಾಟಲಿ ಕಳಿಸಿ ಅಂಕ ಕೇಳಿದ್ದರು. ಹೋದ ತಿಂಗಳು ನೀನೇ ಫೋನಿನಲ್ಲಿ ಹೇಳಿದ್ದೆ: ಗಿರಾಕಿಗಳ ಲೋಟಕ್ಕೆ ಬಿಯರು ಬಿಡುವ ನಲ್ಲಿಗಳಲ್ಲಿ ಆ ಬಿಯರಿಗೆ ಒಂದು ಖಾಯಂ ಆಗಿ ಸಿಕ್ಕರೆ ನಿನಗೂ ಅಲ್ಲಿ ಖಾಯಂ ಕೆಲಸ, ಸಿಗದಿದ್ದರೆ ವರ್ಷ ಮುಗಿಯುತ್ತಲೇ ಗಂಟುಮೂಟೆ. ಐದಕ್ಕಿಂತ ಕೆಳಗಿನ ಒಂದೇ ಒಂದು ಚೀಟಿ ಬಂದರೂ ಬಿಯರು ಬಿದ್ದಂತೆ ಎಂಬ ಕೂಟದ ಕಟ್ಟಳೆ ನಿನಗೆ ನಾನು ಹೇಳಬೇಕಾಗಿಲ್ಲ. ಅದನ್ನು ಹಟ ಹಿಡಿದು ಮಾಡಿಸಿದವಳೇ ನೀನು.

ನೀನು ಬಿಟ್ಟುಹೋದ ಮೇಲೆ ಕೂಟದಲ್ಲಿ ಏನೂ ಬದಲಾಗಿಲ್ಲ. ಅದೇ ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಅದೇ ಕಾಯುವ ಕೋಣೆ. ಗೋಡೆಯಲ್ಲಿ ಹುಳುಕು ದವಡೆಯ ಪಟ, ಅದರ ಕೆಳಗೆ ನಾಲ್ಕು ಜನ. ಲವಂಗದೆಣ್ಣೆಯ ವಾಸನೆ ಹೋಗುವವರೆಗೆ ಕಿಟಕಿ ತೆರೆದಿಟ್ಟು ರಾಜಕೀಯ, ಹೋದ ಮೇಲೆ ಕಿಟಕಿ ಮುಚ್ಚಿ ಬಿಯರು. ಪಕ್ಕದ ಕೋಣೆಯಲ್ಲಿ ಉಗಿಯುವ ಬೇಸಿನ್ನು ಇದ್ದೂ ಯಾರೂ ಉಗಿಯುವುದಿಲ್ಲ. ಕಹಿ ಏನೆಂದು ಗೊತ್ತಾಗುವುದು ಗಂಟಲು ದಾಟಿದ ಮೇಲೇ ಎಂದು ಮೇಷ್ಟ್ರು ಪ್ರತಿ ಸಲ ಹೇಳುತ್ತಾರೆ, ನಾವು ಪ್ರತಿ ಸಲ ಹೊಸದಾಗಿ ಕೇಳಿದಂತೆ ತಲೆಯಾಡಿಸುತ್ತೇವೆ. ಎರಡು ಗುಟುಕು ಕುಡಿದು ಮಿಕ್ಕದ್ದನ್ನು ಬಕೆಟ್ಟಿಗೆ ಸುರಿಯಬೇಕು, ನಡುವೆ ಒಣ ಬ್ರೆಡ್ಡು ಕಡಿಯಬೇಕು. ಬಾಟಲಿಗಳಿಗೆ ಈಗಲೂ ಕಾಲುಚೀಲವನ್ನೇ ತೊಡಿಸುತ್ತೇವೆ, ಲೇಬಲ್ಲು ಕಾಣದ ಹಾಗೆ. ಒಗೆದ ಕಾಲುಚೀಲ ಎಂದು ಬರೆಯಬೇಕಾಗಿಲ್ಲ. ಆದರೂ ಡಾಕ್ಟರ ವಿಷಯದಲ್ಲಿ ಬರೆದರೆ ತಪ್ಪಿಲ್ಲ.

ಜನರೂ ಬದಲಾಗಿಲ್ಲ. ಡಾಕ್ಟರಿಗೆ ಹೊಗೆಯಲ್ಲಿ ಒಣಗಿಸಿದ ಮಾಲ್ಟಿನ ಬಿಯರೇ ಆಗಬೇಕು; ಕುಡಿದರೆ ಒಲೆಯ ಮುಂದೆ ಅಜ್ಜಿಯ ತೊಡೆಯ ಮೇಲೆ ಮಲಗಿದ ಹಾಗಾಗುತ್ತದಂತೆ. ಲಾರಿ ಆಫೀಸಿನ ಅಕ್ಕನಿಗೆ ಚೆರಿ ಹಣ್ಣು ಹಾಕಿ ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಇಟ್ಟ ಹುಳಿ ಬಿಯರು. ಕುಡಿದ ಕೂಡಲೇ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ದಿನವಿಡೀ ಡ್ರೈವರುಗಳ ಜೊತೆ ಕೂಗಾಡಿದ್ದೆಲ್ಲ ಆ ಕಣ್ಣಿನಲ್ಲೇ ಇಳಿದುಹೋಗುತ್ತದೆ ಎನ್ನುತ್ತಾರೆ. ಮೇಷ್ಟ್ರದು ತಿಳಿ ಹೊಂಬಣ್ಣದ ಸರಳ ಲಾಗರು. ಅದರಲ್ಲಿ ತಪ್ಪು ಬಚ್ಚಿಡಲು ಜಾಗವೇ ಇಲ್ಲ, ಒಳ್ಳೆಯ ವಿದ್ಯಾರ್ಥಿಯ ಉತ್ತರದ ಹಾಗೆ ಎಂದು ಅವರ ವಾದ. ನನ್ನದು ನಿನಗೆ ಗೊತ್ತು: ಕಪ್ಪನೆಯ ಸ್ಟೌಟು. ಸುಟ್ಟ ಬ್ರೆಡ್ಡಿನ ಅಂಚು, ಕಾಫಿಯ ತಳ, ಮೇಲೆ ಬೆಣ್ಣೆಯಂಥ ನೊರೆ. ಕಪ್ಪಾದರೆ ಒಪ್ಪು, ಬಿಳಿಯಾದರೆ ತಪ್ಪು ಎಂದು ನಾನು ಪ್ರಾಸ ಕಟ್ಟಿದ್ದಕ್ಕೆ ನೀನು ಎರಡು ದಿನ ಮಾತು ಬಿಟ್ಟಿದ್ದೆ.

ನಿನ್ನದು ಬಂದದ್ದು ನೀಲಿ ಕಾಲುಚೀಲದಲ್ಲಿ. ಲೋಟಕ್ಕೆ ಬೀಳುವಾಗಲೇ ಸದ್ದು ಮೃದುವಾಗಿತ್ತು. ಮಂಜು ಕವಿದ ಬೆಳಗಿನ ಬಣ್ಣ, ನೊರೆ ಎದ್ದು ನಿಂತದ್ದು ಕೂರಲೊಲ್ಲದು. ಲೋಟದ ಬಾಯಿಗೆ ಅಂಗೈ ಮುಚ್ಚಿ, ತಿರುಗಿಸಿ, ಮೂಗಿಗೆ ತಂದೆ. ಕಿತ್ತಳೆಯ ಸಿಪ್ಪೆ, ಹಿಂದೆಯೇ ಕೊತ್ತಂಬರಿ ಬೀಜ, ಅದರ ಹಿಂದೆ ಆಗಷ್ಟೇ ಹಿಟ್ಟು ಕಲಸಿದ ಕೈಯ ವಾಸನೆ. ಗುಟುಕು ನಾಲಗೆಯ ಮೇಲೆ ಚಾಪೆಯ ಹಾಗೆ ಹಾಸಿಕೊಂಡಿತು. ನಾನು ಕಣ್ಣು ಮುಚ್ಚಿದೆ. ಆಮೇಲೆ ನುಂಗಿದೆ. ನುಂಗಿದ ಮೇಲೆ, ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ, ಗಂಟಲ ಕೊನೆಯಲ್ಲಿ ಒಂದು ಒಣ ಕಹಿ ಬಂದು ಕೂತುಕೊಂಡಿತು, ಎದ್ದು ಹೊರಟ ನೆಂಟ ಬಾಗಿಲಲ್ಲಿ ನಿಂತು ಮತ್ತೆ ಮಾತು ಶುರುಮಾಡಿದ ಹಾಗೆ.

ಕಾಲುಚೀಲದೊಳಗೆ ಯಾರಿದ್ದಾರೆಂದು ನನಗೇನು ಗೊತ್ತು? ಚೀಟಿಯಲ್ಲಿ ನಾಲ್ಕು ಎಂದು ಬರೆದೆ. ಕೆಳಗೆ ಷರಾ: ‘ಮೊದಲು ಕಿತ್ತಳೆಯ ಕಾರುಬಾರು, ಕೊನೆಗೆ ಕಷಾಯದ ತಕರಾರು.’

ಅಕ್ಕ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಡಾಕ್ಟರೂ ನಕ್ಕರು. ಅವರು ಏಳು ಕೊಟ್ಟಿದ್ದರು, ಅಕ್ಕ ಏಳು, ಮೇಷ್ಟ್ರು ಎಂಟು. ಆಮೇಲೆ ಮೇಷ್ಟ್ರು ಕಾಲುಚೀಲ ಕಳಚಿದರು. ನಿಮ್ಮ ಬ್ರೂವರಿಯ ಮುದ್ರೆ, ಅದರ ಕೆಳಗೆ ಪೆನ್ಸಿಲಿನಲ್ಲಿ ನಿನ್ನ ಅಕ್ಷರ. ನಗು ಅರ್ಧಕ್ಕೆ ನಿಂತಿತು. ಡಾಕ್ಟರು ದವಡೆಯ ಪಟವನ್ನು ಮೊದಲ ಬಾರಿಗೆ ನೋಡುವವರಂತೆ ನೋಡತೊಡಗಿದರು.

ಮೇಷ್ಟ್ರು ಮಾತ್ರ ನನ್ನ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದರು. ನಾನು ಬಕೆಟ್ಟಿಗೆ ಸುರಿದಿರಲಿಲ್ಲ. ಪೂರ್ತಿ ಕುಡಿದಿದ್ದೆ. ಯಾವಾಗ ಕುಡಿದೆನೋ ನನಗೇ ಗೊತ್ತಿಲ್ಲ.

“ಅಂಕ ನಾಲ್ಕು, ಲೋಟ ಖಾಲಿ. ಇವೆರಡರಲ್ಲಿ ಯಾವುದನ್ನ ನಂಬಲಯ್ಯಾ?”

ನಾನು ಬಾಯಾರಿತ್ತು ಎಂದೆ. ಹೊರಗೆ ಮೋಡ ಮುಚ್ಚಿ ಎಲ್ಲರೂ ಸ್ವೆಟರು ಹಾಕಿಕೊಂಡಿದ್ದ ದಿನ ಅದು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ನನ್ನ ತೋಳು ಹಿಡಿದು ನಿಲ್ಲಿಸಿದರು. ಚೀಟಿಗಳು ಶನಿವಾರ ಅಂಚೆಗೆ ಹೋಗುತ್ತವಂತೆ. ಅಷ್ಟರೊಳಗೆ ನನಗೆ ತಿದ್ದಬೇಕೆನಿಸಿದರೆ ತಿದ್ದಬಹುದಂತೆ, ತಾವು ಕೇಳುವುದಿಲ್ಲವಂತೆ. ಮಿಕ್ಕಿದ್ದ ಬಾಟಲಿಗಳನ್ನು ನನ್ನ ಕೈಚೀಲಕ್ಕೆ ಇಳಿಸಿ, ಇನ್ನೊಂದು ಸಲ ಕುಡಿದು ನೋಡು ಎಂದು ಕಳಿಸಿದರು. ಇಡೀ ಜನ್ಮದಲ್ಲಿ ಯಾವ ಹುಡುಗನಿಗೂ ಅರ್ಧ ಅಂಕ ಹೆಚ್ಚಿಗೆ ಕೊಡದ ಮನುಷ್ಯ ನಮ್ಮಿಬ್ಬರ ಮೇಲೆ ಇಷ್ಟು ದಯೆ ತೋರಿಸಿದ್ದು ನನಗೆ ಹಿತವೆನಿಸಲಿಲ್ಲ.

ಈಗ ನನ್ನ ಕಷ್ಟ ಕೇಳು. ತಿದ್ದಿ ಏಳು ಮಾಡಿದೆ ಎಂದಿಟ್ಟುಕೊ. ಅದು ಹಳೆಯ ನಾನೇ. ಬೆಳಗಿನಿಂದ ಸಂಜೆಯವರೆಗೆ ಜಾಮು, ತಲೆಗೆಣ್ಣೆ, ಫಿನಾಯಿಲುಗಳ ಲೇಬಲ್ಲಿಗೆ ಹೊಗಳಿಕೆ ಬರೆಯುವುದೇ ನನ್ನ ಹೊಟ್ಟೆಪಾಡು. ‘ಹಚ್ಚಿದರೆ ಸಾಕು, ಹೆರಳಿಗೆ ಇನ್ನೇನು ಬೇಕು’ ನನ್ನದೇ. ಮನೆಗೆ ಬಂದರೆ ನೀನು ಅಡುಗೆಮನೆಯಲ್ಲಿ ಕುದಿಸಿ, ತಣಿಸಿ, ವಾರಗಟ್ಟಲೆ ಕಾದು ಒಂದು ಲೋಟ ತಂದು ಮುಂದಿಡುತ್ತಿದ್ದೆ. ನಾನು ಮೂತಿ ಒರೆಸಿಕೊಂಡು ಸೊಗಸು ಎನ್ನುತ್ತಿದ್ದೆ. ಹುಳಿ ಹಿಡಿದದ್ದಕ್ಕೂ ಸೊಗಸು, ಗ್ಯಾಸು ಹೋದದ್ದಕ್ಕೂ ಸೊಗಸು. ಒಂದು ಸಲ ನೀನು ಬೇಕೆಂದೇ ಉಪ್ಪು ಹಾಕಿ ತಂದಿದ್ದೆ. ಅದಕ್ಕೂ ಸೊಗಸು ಎಂದೆ. ನೀನು ಲೋಟ ಕಿತ್ತುಕೊಂಡು, “ನಾನು ಕಟ್ಟಿಕೊಂಡಿದ್ದು ಗಂಡನನ್ನೋ ಲೇಬಲ್ಲನ್ನೋ?” ಎಂದು ಕೇಳಿದ್ದೆ. ನೀನು ಉತ್ತರಕ್ಕೆ ಕಾದೆ. ನನಗೆ ಪ್ರಾಸವೊಂದೇ ಹೊಳೆದದ್ದು, ಪುಣ್ಯಕ್ಕೆ ಹೇಳಲಿಲ್ಲ. ತೆಗಳುವವರು ಇರುವ ಕಡೆ ಹೋಗುತ್ತೇನೆ ಎಂದು ನೀನು ಆ ಕೆಲಸಕ್ಕೆ ಅರ್ಜಿ ಹಾಕಿದೆ. ಹೋದೆ.

ಹಾಗಾದರೆ ನಾಲ್ಕನ್ನೇ ಬಿಡಬೇಕು. ನೀನು ಇಷ್ಟು ವರ್ಷ ಕೇಳಿದ್ದು ಅದನ್ನೇ ಅಲ್ಲವೆ? ಇಷ್ಟು ಬರೆದ ಮೇಲೆ ಪೆನ್ನು ನಿಲ್ಲುತ್ತದೆ. ಯಾಕೆಂದರೆ ನಾಲ್ಕು ಹೋದರೆ ನಿನ್ನ ಬಿಯರು ಬೀಳುತ್ತದೆ, ಬಿಯರು ಬಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ನೀನು ಮನೆಗೆ ಬರುತ್ತೀಯ. ನಮ್ಮ ಅಡುಗೆಮನೆಯಲ್ಲಿ ನಿನ್ನ ದೊಡ್ಡ ಪಾತ್ರೆ ಬೋರಲಾಗಿ ಬಿದ್ದಿದೆ. ಅಮ್ಮ ಅದರ ಮೇಲೆ ಈರುಳ್ಳಿ ಬುಟ್ಟಿ ಇಟ್ಟಿದ್ದಾಳೆ. ಅದನ್ನು ದಿನಾ ನೋಡುವವನು ಬರೆದ ನಾಲ್ಕು ಅದು. ನಾಲಗೆ ಬರೆಯಿತೋ ಈರುಳ್ಳಿ ಬುಟ್ಟಿ ಬರೆಯಿತೋ, ಹೇಗೆ ಹೇಳಲಿ?

ಪರೀಕ್ಷೆ ಮಾಡಿಯೇಬಿಡೋಣ ಎಂದು ಸೋಮವಾರ ಅಮ್ಮನನ್ನು ಕೂರಿಸಿಕೊಂಡೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೆ. ಅಮ್ಮ ನಿನ್ನದನ್ನು ಮತ್ತು ಅಂಗಡಿಯ ಬೇರೆ ಗೋಧಿ ಬಿಯರುಗಳನ್ನು ಸಾಲಾಗಿ ಸುರಿದು ಒಂದೊಂದಾಗಿ ಕೊಡಬೇಕು. ನಿನ್ನ ಅತ್ತೆ ಗೊತ್ತಲ್ಲ, ಬಿಯರೆಂದರೆ ಒದ್ದೆ ಗೋಣಿಚೀಲದ ನೀರು ಎನ್ನುವವಳು. ಮೂಗಿಗೆ ಸೆರಗು ಒತ್ತಿಕೊಂಡು ಸುರಿದಳು. ನಾನು ಪ್ರತಿ ಸಲವೂ ನಿನ್ನದನ್ನು ಗುರುತು ಹಿಡಿದೆ, ಪ್ರತಿ ಸಲವೂ ಬೇರೆ ಅಂಕ ಕೊಟ್ಟೆ. ಒಮ್ಮೆ ಆರು. ಮತ್ತೊಮ್ಮೆ ಒಂಬತ್ತು. ಮಂಗಳವಾರ ಮತ್ತೆ ಕೂತಾಗ, ಪ್ರೆಸ್ಸಿನಲ್ಲಿ ಮಾಲೀಕ ಬೈದದ್ದಕ್ಕೆ ಮೂರು. ಕಹಿ ಮಾತ್ರ ಎಲ್ಲ ಸಲವೂ ಇದ್ದಲ್ಲೇ ಇತ್ತು. ಕೆಲವು ಸಲ ಅದು ತಪ್ಪೆನಿಸಿತು, ಕೆಲವು ಸಲ ಅದೇ ರುಚಿಯೆನಿಸಿತು.

ಅಮ್ಮನಿಗೆ ಸಾಕಾಯಿತು. ನನ್ನ ಕಣ್ಣಿನ ಬಟ್ಟೆ ಬಿಚ್ಚುತ್ತಾ, ಅವತ್ತು ಕೂಟದಲ್ಲಿ ನಿಜವಾಗಿಯೂ ಗೊತ್ತಾಗಲಿಲ್ಲವೇನೋ ಎಂದು ಕೇಳಿದಳು. ಕಾಲುಚೀಲ ಇತ್ತಮ್ಮ ಎಂದೆ.

“ಕಾಲುಚೀಲ ಹಾಕಿದ್ದು ಬಾಟ್ಲಿಗೆ ತಾನೆ, ನಿನ್ನ ಮೂಗಿಗಲ್ಲವಲ್ಲ,” ಎಂದು ಲೋಟ ತೊಳೆಯಲು ಹೋದಳು.

ಆಮೇಲೆ ಬಚ್ಚಲಿನಿಂದಲೇ ಕೂಗಿ, ಸೊಸೆ ಬರುವುದಾದರೆ ಪಾತ್ರೆ ತೆರವು ಮಾಡುತ್ತೇನೆ, ಬರುವುದಿಲ್ಲವಾದರೆ ಆಲೂಗಡ್ಡೆಯನ್ನೂ ಅದರ ಮೇಲೇ ಇಡುತ್ತೇನೆ, ಎರಡರಲ್ಲಿ ಒಂದು ಬೇಗ ತಿಳಿಸಲಿ ಎಂದಳು. ಅವಳ ಲೋಕದಲ್ಲಿ ಗೊಂದಲಕ್ಕೆ ಅಷ್ಟೇ ಜಾಗ.

ನನಗೆ ಅಷ್ಟು ಸಲೀಸಿಲ್ಲ. ಡಾಕ್ಟರನ್ನು ಕೇಳಿದೆ, ನಾಲಗೆಯ ವಿಷಯದಲ್ಲಿ ತಾವು ಹಲ್ಲಿನಿಂದ ಆಚೆಗೆ ಹೋಗುವುದಿಲ್ಲ ಎಂದರು. ಅಕ್ಕನನ್ನು ಕೇಳಿದೆ. ನಿಮ್ಮ ಮನೆಯವಳಿಗೆ ನೀವು ಏಳು ಕೊಟ್ಟರೆ ಅವಳು ಅಲ್ಲಿರುತ್ತಾಳೆ, ನಾಲ್ಕು ಕೊಟ್ಟರೆ ಇಲ್ಲಿಗೆ ಬಂದು ನಿಮ್ಮನ್ನು ವಿಚಾರಿಸಿಕೊಳ್ಳುತ್ತಾಳೆ, ಎರಡರಲ್ಲೂ ನಿಮಗೆ ಸುಖವಿಲ್ಲ, ಆದ್ದರಿಂದ ಸುಖದ ಲೆಕ್ಕ ಬಿಟ್ಟು ಯೋಚನೆ ಮಾಡಿ ಎಂದರು. ಒಳ್ಳೆಯ ಮಾತೇ. ಆದರೆ ಸುಖದ ಲೆಕ್ಕ ಬಿಟ್ಟ ಮೇಲೆ ಬಿಯರಿಗೆ ಅಂಕ ಕೊಡುವುದು ಹೇಗೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರಿಗೆ ಯಾವುದೋ ಲಾರಿ ಕೆಟ್ಟು ನಿಂತ ಫೋನು ಬಂತು.

ಆದ್ದರಿಂದ ನಿನ್ನನ್ನೇ ಕೇಳುತ್ತಿದ್ದೇನೆ. ತಪ್ಪಿತಸ್ಥನೇ ಹೋಗಿ ಫಿರ್ಯಾದಿಯ ಹತ್ತಿರ ತೀರ್ಪು ಕೇಳಿದ ಹಾಗಾಯಿತು ಎನ್ನುತ್ತೀಯ. ಆಗಲಿ. ನಾಲ್ಕು ಎಂದರೆ ನಾನು ಸಿಟ್ಟಿನವನು, ಏಳು ಎಂದರೆ ಸುಳ್ಳಿನವನು. ನಡುವೆ ಐದೂವರೆ ಎಂದು ಬರೆದರೆ ಇಬ್ಬರೂ ಸೇರಿದವನು. ಬಿಯರು ಒಳ್ಳೆಯದೋ ಕೆಟ್ಟದೋ, ನೀನು ಅಲ್ಲಿರುವುದು ನನಗೆ ಬೇಕೋ ಬೇಡವೋ ಎಂಬ ಎರಡು ಪ್ರಶ್ನೆಗೂ ನನ್ನ ಬಾಯಲ್ಲಿ ಇರುವುದು ಒಂದೇ ನಾಲಗೆ.

ಹೊರಗೆ ಯಂತ್ರ ನಿಲ್ಲಿಸಿದರು. ಉಪ್ಪಿನಕಾಯಿ ಲೇಬಲ್ಲಿನ ಪ್ರೂಫು ಮೇಜಿನ ಮೇಲೆ ಕಾಯುತ್ತಿದೆ. ಕೊರಿಯರಿಗೆ ಹಾಕಿದರೆ ಈ ಕಾಗದ ನಾಳೆ ಸಂಜೆಗೆ ನಿನ್ನ ಕೈಗೆ ಸಿಗುತ್ತದೆ. ಶನಿವಾರಕ್ಕೆ ಮುಂಚೆ ಒಂದು ಮಾತು ಹೇಳು. ಬಹುವಚನದಲ್ಲಾದರೂ ಸರಿ.

ಇನ್ನೂ ನಿನ್ನ ಗಂಡನೇ ಎಂದುಕೊಂಡಿರುವ,
ನಾನು

ಮರೆತ ಮಾತು: ಲಕೋಟೆಗೆ ಹಾಕುವ ಮುಂಚೆ ಇದನ್ನು ಓದಿದೆ. ವೃತ್ತಿಯ ಚಾಳಿ, ಪ್ರೂಫು ನೋಡದೆ ಏನನ್ನೂ ಬಿಡುವುದಿಲ್ಲ. ಒಂದು ತಪ್ಪು ಸಿಕ್ಕಿತು. ಕಾಲುಚೀಲದೊಳಗೆ ಯಾರಿದ್ದಾರೆಂದು ನನಗೇನು ಗೊತ್ತು ಎಂದು ಬರೆದಿದ್ದೇನೆ. ಗೊತ್ತಿತ್ತು. ಲೋಟ ತುಟಿಗೆ ಬರುವ ಮುಂಚೆಯೇ ಗೊತ್ತಿತ್ತು. ಕೊತ್ತಂಬರಿ ಬೀಜವನ್ನು ಕುಟ್ಟದೆ ಅಂಗೈಯಲ್ಲಿ ಉಜ್ಜಿ ಹಾಕುವವಳು ನನಗೆ ತಿಳಿದಂತೆ ಲೋಕದಲ್ಲಿ ನೀನೊಬ್ಬಳೇ. ಗೊತ್ತಿದ್ದೂ ನಾಲ್ಕು ಬರೆದೆ, ನಿನ್ನನ್ನು ಮನೆಗೆ ಕರೆಸಿಕೊಳ್ಳುವುದಕ್ಕೆ ನನಗೆ ಬೇರೆ ದಾರಿ ತೋಚಲಿಲ್ಲ. ಬರೆದ ಮೇಲೆ ಕೈ ಲೋಟ ಬಿಡಲಿಲ್ಲ.

ಈಗಷ್ಟೇ ಮೇಷ್ಟ್ರಿಗೆ ಫೋನು ಮಾಡಿ, ಬಿಯರಿನ ಗುರುತು ಸಿಕ್ಕವನ ಅಂಕ ಸಲ್ಲದು, ನನ್ನ ಚೀಟಿ ಹರಿದುಹಾಕಿ ಎಂದೆ. ಅವರು ಫೋನಿನಲ್ಲೇ ಹರಿದ ಸದ್ದು ಕೇಳಿಸಿದರು. ಉಳಿದ ಮೂರು ಚೀಟಿ ಶನಿವಾರ ಹೊರಡುತ್ತವೆ, ನೀನು ಪಾಸು. ಅಲ್ಲೇ ಇರು. ಅಮ್ಮನಿಗೆ ಆಲೂಗಡ್ಡೆ ಇಡು ಎಂದು ನಾನೇ ಹೇಳುತ್ತೇನೆ.

ಆದರೆ ಆ ಕಡೆಯ ಕಹಿ ನಿಜ. ಸಿಪ್ಪೆಯ ಒಳಗಿನ ಬಿಳಿ ಪದರವನ್ನು ನೀನು ಸರಿಯಾಗಿ ಹೆರೆದಿಲ್ಲ, ಬೇಗ ಹಾಕಿ ಬಹಳ ಹೊತ್ತು ಕುದಿಸಿದ್ದೀಯ. ನಲ್ಲಿಗೆ ಏರಿಸುವ ಮುಂಚೆ ಸರಿಮಾಡು. ಈಗ ಇರುವ ಹಾಗೆ ಅದು ಚೆನ್ನಾಗಿಲ್ಲ.